ಕೆಂಪಗಿದ್ದರೆ ಕುಬ್ಜವೇ?

ನಲ್ಲಿಯ ಮೇಲೆ ಕೆಂಪು ಎಂದರೆ ಬಿಸಿ. ಆಕಾಶದಲ್ಲಿ ಕಮ್ಮಾರನ ಕುಲುಮೆಯ ಲೆಕ್ಕ: ಕಬ್ಬಿಣ ಮೊದಲು ಕೆಂಪಾಗಿ, ಕಾದಂತೆಲ್ಲ ಹಳದಿಗೆ, ಬಿಳಿಗೆ ತಿರುಗುತ್ತದೆ. ಸುಮಾರು 3000 ಕೆಲ್ವಿನ್ ತಾಪದ ‘ಎಂ’ ವರ್ಗದ ನಕ್ಷತ್ರಗಳು ತಣ್ಣನೆಯ ತುದಿಯವು. ಆಕಾಶಗಂಗೆಯ ನಾಲ್ಕು ನಕ್ಷತ್ರಗಳಲ್ಲಿ ಹೆಚ್ಚುಕಡಿಮೆ ಮೂರು ಇಂಥ ಸಣ್ಣ, ಮಂಕಾದ ಕೆಂಪು ಕುಬ್ಜಗಳೇ. ಬರಿಗಣ್ಣಿಗೆ ಒಂದೂ ಕಾಣದು. ನಮಗೆ ಕೆಂಪಗೆ ಕಾಣುವ ಆರ್ದ್ರಾ, ಜ್ಯೇಷ್ಠಾ ಮಹಾದೈತ್ಯಗಳು. ‘ಭಾವನಿಗೆ ಆಗದು’ ಎಂದು ಹೆಣ್ಣುಮಕ್ಕಳ ಮದುವೆ ತಪ್ಪಿಸುವ ಜ್ಯೇಷ್ಠಾ, ಸುಮಾರು 550 ಜ್ಯೋತಿರ್ವರ್ಷ ಆಚೆ ಉಬ್ಬಿಕೊಂಡಿರುವ ಅನಿಲದ ಗೋಳ, ಅಷ್ಟೆ.

ಈ ಕುಬ್ಜಗಳನ್ನು ಹುಡುಕಲು ಆಕಾಶ ಸಮೀಕ್ಷೆಯ ಪಟ್ಟಿಯಿಂದ ಕೆಂಪು ಚುಕ್ಕೆಗಳನ್ನು ಹೆಕ್ಕುವುದು ಸುಲಭ. ಆದರೆ ಧೂಳಿನ ಹಿಂದಿರುವ ಬಿಸಿ ನಕ್ಷತ್ರವೂ ಮುಳುಗುವ ಸೂರ್ಯನಂತೆ ಕೆಂಪಾಗುತ್ತದೆ. ದೂರದ ದೈತ್ಯ, ಹತ್ತಿರದ ಕುಬ್ಜ ಒಂದೇ ಹೊಳಪಿನಲ್ಲಿ ಕಾಣುತ್ತವೆ. ಇಲ್ಲಿ ಗಯಾ ಉಪಗ್ರಹ ಅಳೆದ ಪ್ಯಾರಲ್ಯಾಕ್ಸ್ ಬೇಕು: ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಅತ್ತಿತ್ತ ಸರಿದಂತೆ ಕಾಣುವ ಕೋನ. 15ರ ಕಾಂತಿಮಾನದ (ಅಂಕಿ ಹೆಚ್ಚಿದಷ್ಟೂ ಮಂಕು) ಚುಕ್ಕೆಗೆ 20 ಮಿಲಿ ಆರ್ಕ್‌ಸೆಕೆಂಡ್ (ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು) ಬಂದರೆ ದೂರ 50 ಪಾರ್ಸೆಕ್ (ಒಂದು ಪಾರ್ಸೆಕ್ ಸುಮಾರು 3.26 ಜ್ಯೋತಿರ್ವರ್ಷ), ನಿಜ ಕಾಂತಿಮಾನ, ಅಂದರೆ 10 ಪಾರ್ಸೆಕ್ ದೂರದಲ್ಲಿಟ್ಟರೆ ಕಾಣುವಷ್ಟು, 11.5: ಕುಬ್ಜ. 0.1 ಬಂದರೆ ದೂರ 10,000 ಪಾರ್ಸೆಕ್, ನಿಜ ಕಾಂತಿಮಾನ 0: ದೈತ್ಯ.

ಎಡವುವುದು ಬಣ್ಣದ ಪಟ್ಟಿಯನ್ನು ದೂರದ ಪಟ್ಟಿಗೆ ಜೋಡಿಸುವಾಗ. ಅವಕೆಂಪು ಬೆಳಕಿನ ಟೂಮಾಸ್ (2MASS) ಆಕಾಶ ಸಮೀಕ್ಷೆ ನಡೆದದ್ದು 1997–2001ರಲ್ಲಿ, ಗಯಾದ ಸ್ಥಾನಗಳು 2016ರವು. ವರ್ಷಕ್ಕೆ ಅರ್ಧ ಆರ್ಕ್‌ಸೆಕೆಂಡ್ ಸರಿಯುವ ನಕ್ಷತ್ರ 17 ವರ್ಷದಲ್ಲಿ 8.5 ಆರ್ಕ್‌ಸೆಕೆಂಡ್ ಸರಿದಿರುತ್ತದೆ. 2 ಆರ್ಕ್‌ಸೆಕೆಂಡಿನೊಳಗೆ ಹುಡುಕಿದರೆ ಅದು ಕೈತಪ್ಪುತ್ತದೆ, ಇಲ್ಲವೇ ಪಕ್ಕದವನ ಬಣ್ಣ ಅದಕ್ಕೆ ಅಂಟುತ್ತದೆ. ನಮಗೆ ಹತ್ತಿರದವೇ ಹೆಚ್ಚು ಸರಿದಂತೆ ಕಾಣುವುದರಿಂದ ತಪ್ಪಿಹೋಗುವವೂ ಅವೇ! ಮೊದಲು ಸ್ಥಾನವನ್ನು ಹಳೆಯ ತಾರೀಖಿಗೆ ಹಿಂದೆ ಸರಿಸಿ, ಆಮೇಲೆ ಜೋಡಿಸಬೇಕು.

‘ಎಂ’ನೊಳಗಿನ ಉಪವರ್ಗ (ಬಿಸಿಯ ಎಂ0ಯಿಂದ ತಣ್ಣನೆಯ ಎಂ9ರವರೆಗೆ) ಹೇಳುವುದು ರೋಹಿತ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕು. 1860ರ ದಶಕದಲ್ಲಿ ರೋಮಿನ ಖಗೋಳಜ್ಞ ಸೆಕ್ಕಿ ಕೆಂಪು ನಕ್ಷತ್ರಗಳ ರೋಹಿತದಲ್ಲಿ ಕಂಡ ಕಪ್ಪು ಪಟ್ಟೆಗಳು ಟೈಟಾನಿಯಂ ಆಕ್ಸೈಡ್‌ನವು ಎಂದು 1904ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ಫೌಲರ್ ಗುರುತಿಸಿದರು. ಬಿಳಿ ಪೇಂಟಿನ ಡೈಆಕ್ಸೈಡ್‌ಗೆ ಇದು ಒಂದು ಆಕ್ಸಿಜನ್ ಕಡಿಮೆಯ ತಮ್ಮ. ಬಿಸಿ ನಕ್ಷತ್ರದಲ್ಲಿ ಈ ಅಣು ಒಡೆದುಹೋಗುತ್ತದೆ, ತಣ್ಣಗಾದಷ್ಟೂ ಗಟ್ಟಿಯಾಗಿ ನಿಲ್ಲುತ್ತದೆ. ಬಾಣಲೆಯ ಹಾಲು ಆರಿದಾಗ ಕೆನೆಗಟ್ಟಿದಂತೆ. ಪಟ್ಟೆಯೊಳಗಿನ 712.6–713.5 ನ್ಯಾನೊಮೀಟರಿನ ಸರಾಸರಿ ಬೆಳಕನ್ನು ಪಟ್ಟೆಯ ಹೊರಗಿನ 704.2–704.6ರ ಸರಾಸರಿಯಿಂದ ಭಾಗಿಸಿ. 0.4 ಬಂದರೆ, 8.2ರಿಂದ 10.775×0.4 ಕಳೆದು 3.9: ಎಂ4. ಎಂ7ರ ಆಸುಪಾಸಿನಿಂದ ಈ ಸೂತ್ರ ನಂಬಬೇಡಿ. ಅಲ್ಲಿ ಟೈಟಾನಿಯಂ ಧೂಳಾಗಿ ಹೆಪ್ಪುಗಟ್ಟಿ ಪಟ್ಟೆ ಮತ್ತೆ ತೆಳುವಾಗುತ್ತದೆ. ಲೋಹ ಕಡಿಮೆಯಿರುವ ಹಳೆಯ ಉಪಕುಬ್ಜಗಳೂ ಹೀಗೇ ಮೋಸ ಮಾಡುತ್ತವೆ. ಅವುಗಳಲ್ಲಿ ಟೈಟಾನಿಯಂ ಪಟ್ಟೆ ಸೊರಗಿದರೂ ಕ್ಯಾಲ್ಸಿಯಂ ಹೈಡ್ರೈಡ್ ಪಟ್ಟೆ ದಟ್ಟವಾಗಿಯೇ ಇರುತ್ತದೆ. ಎರಡನ್ನೂ ಒಟ್ಟಿಗೆ ಅಳೆದರೆ ಸಿಕ್ಕಿಬೀಳುತ್ತವೆ.