ಗೇಟಿಗೆ ಕ್ಯಾಮೆರಾ ಹಾಕಿಸಿದ್ರೆ ಸೆಕ್ಯುರಿಟಿಯವರು ಬೇಡ್ವಾ?

ಪ್ರಶ್ನೆ: ನೆಲಮಂಗಲದ ಹತ್ತಿರ ನಮ್ಮದೊಂದು ಗೋದಾಮಿದೆ. ದಿನಕ್ಕೆ ನಲವತ್ತು, ಐವತ್ತು ಲಾರಿ ಬರುತ್ತವೆ. ಗೇಟಿನಲ್ಲಿ ಎಂಟ್ರಿ ಬರೆಯುವಷ್ಟರಲ್ಲಿ ಸರ್ವಿಸ್ ರಸ್ತೆಯ ತುಂಬಾ ಸಾಲು ನಿಂತುಬಿಡುತ್ತದೆ. ನಂಬರ್ ಪ್ಲೇಟ್ ಓದುವ ಕ್ಯಾಮೆರಾ, ತಾನಾಗಿ ಏಳುವ ಬೂಮ್ ಬ್ಯಾರಿಯರ್ (ಅಡ್ಡಕೋಲು) ಹಾಕಿಸಿದರೆ ಸಾಲು ಕರಗುತ್ತಾ? ಸೆಕ್ಯುರಿಟಿಯವರನ್ನು ಕಡಿಮೆ ಮಾಡಬಹುದಾ?

ಉತ್ತರ: ಹೊಸಕೋಟೆ, ದಾಬಸ್‌ಪೇಟೆ, ಮಾಲೂರು, ಎಲ್ಲಿ ಗೋದಾಮು ಎದ್ದಿದೆಯೋ ಅಲ್ಲೆಲ್ಲ ಈ ಪ್ರಶ್ನೆ ಇದೆ. ಸಾಲು ಕರಗಿಸಬಹುದು. ಆದರೆ ಬರೀ ಕ್ಯಾಮೆರಾ ಹಾಕಿದರೆ ಕರಗುವುದಿಲ್ಲ. ಸೆಕ್ಯುರಿಟಿಯವರನ್ನಂತೂ ತೆಗೆಯಬೇಡಿ. ಅವರ ಕೈಯಲ್ಲಿರುವ ಪೆನ್ನು ಮಾತ್ರ ತೆಗೆದುಕೊಳ್ಳಿ.

ಈಗ ಗೇಟಿನಲ್ಲಿ ಏನಾಗುತ್ತದೆ ನೋಡಿ. ಡ್ರೈವರ್ ಇಳಿದು ಬರುತ್ತಾರೆ. ಕೈಯಲ್ಲಿ ಇನ್ವಾಯ್ಸ್, ಎಲ್‌ಆರ್ (ಟ್ರಾನ್ಸ್‌ಪೋರ್ಟಿನವರು ಕೊಡುವ ಲಾರಿ ರಸೀದಿ), ಇ-ವೇ ಬಿಲ್ (ಸರಕು ಸಾಗಿಸಲು ಜಿಎಸ್‌ಟಿಯಲ್ಲಿ ಬೇಕಾದ ಆನ್‌ಲೈನ್ ಬಿಲ್). ಸೆಕ್ಯುರಿಟಿಯವರು ಇನ್‌ವರ್ಡ್ ರಿಜಿಸ್ಟರ್‌ನಲ್ಲಿ ಗಾಡಿ ನಂಬರ್, ಡ್ರೈವರ್ ಹೆಸರು, ಫೋನ್, ಡಿಎಲ್, ಪಾರ್ಟಿ ಹೆಸರು, ಬಾಕ್ಸಿನ ಲೆಕ್ಕ, ಸೀಲ್ ನಂಬರ್ ಎಲ್ಲ ಬರೆಯುತ್ತಾರೆ. ಆಮೇಲೆ ಒಳಗೆ ಫೋನ್: "ಸರ್, ಇಂಥಾ ಗಾಡಿ ಬಂದಿದೆ, ಬಿಡ್ಲಾ?" ಒಳಗಿನವರು ಆರ್ಡರ್ ಹುಡುಕಬೇಕು, ಡಾಕ್ (ಲಾರಿ ನಿಲ್ಲಿಸಿ ಮಾಲು ಇಳಿಸುವ ಕಟ್ಟೆ) ಖಾಲಿ ಇದೆಯಾ ನೋಡಬೇಕು, ಹಮಾಲರು ಎಲ್ಲಿದ್ದಾರೆ ಕೇಳಬೇಕು. ಬರೆಯುವುದಕ್ಕಿಂತ ಜಾಸ್ತಿ ಹೊತ್ತು ಹೋಗುವುದು ಈ ಫೋನಿನಲ್ಲಿ. ಪ್ಲೇಟ್ ಓದಲು ಕ್ಯಾಮೆರಾಗೆ ಕ್ಷಣ ಸಾಕು. ಆದರೆ ಆ ಗಾಡಿ ಇವತ್ತು ಬರಬೇಕಿತ್ತು ಅಂತ ಸಿಸ್ಟಮ್‌ಗೆ ಮೊದಲೇ ಗೊತ್ತಿಲ್ಲದಿದ್ದರೆ ಮತ್ತೆ ಅದೇ ಫೋನು, ಅದೇ ಕಾಯುವುದು.

ಹಾಗಾಗಿ ಮೊದಲು ಸ್ಲಾಟ್, ಅಂದರೆ ಪ್ರತಿ ಗಾಡಿಗೂ ಮೊದಲೇ ಟೈಮು ಗೊತ್ತು ಮಾಡುವುದು, ಶುರು ಮಾಡಿ. ಟ್ರಾನ್ಸ್‌ಪೋರ್ಟಿನವರು ಹಿಂದಿನ ದಿನವೇ ಗಾಡಿ ನಂಬರ್, ಡ್ರೈವರ್ ಫೋನ್, ಇ-ವೇ ಬಿಲ್ ನಂಬರ್ ಕಳಿಸಬೇಕು. ನೀವು ಟೈಮು ಮತ್ತು ಡಾಕ್ ಹೇಳಬೇಕು. ಇದಕ್ಕೆ ದುಡ್ಡು ಜಾಸ್ತಿ ಬೇಕಿಲ್ಲ, ಒಂದು ಶೀಟ್ ಇದ್ದರೂ ನಡೆಯುತ್ತದೆ. ದಿನಕ್ಕೆ ಹತ್ತೇ ಲಾರಿ ಬರುವ ಗೋದಾಮಾದರೆ ಇಷ್ಟು ಮಾಡಿ ನಿಲ್ಲಿಸಿ ಅಂತಲೇ ನಾನು ಹೇಳುವುದು. ನಿಮ್ಮಲ್ಲಿ ನಲವತ್ತರ ಮೇಲಿದೆ. ಕ್ಯಾಮೆರಾಗೆ ಕೆಲಸ ಇದೆ.

ಇ-ವೇ ಬಿಲ್ ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ರಾಜ್ಯದೊಳಗಿನ ಸಾಗಣೆಗೂ ಇದನ್ನು ಮೊದಲು ಜಾರಿಗೆ ತಂದಿದ್ದು ನಮ್ಮ ಕರ್ನಾಟಕವೇ, 2018ರ ಏಪ್ರಿಲ್ 1ರಿಂದ. ಅದರಲ್ಲಿ ಎರಡು ಭಾಗ. ಪಾರ್ಟ್ ಎ ಸರಕಿನದು, ಪಾರ್ಟ್ ಬಿ ಗಾಡಿಯದು. ದಾರಿಯಲ್ಲಿ ಗಾಡಿ ಕೆಟ್ಟು ಲೋಡನ್ನು ಬೇರೆ ಲಾರಿಗೆ ಹಾಕಿದರೆ ಪಾರ್ಟ್ ಬಿಯಲ್ಲಿ ಹೊಸ ನಂಬರ್ ಹಾಕಲೇಬೇಕು. ಕ್ಯಾಮೆರಾ ಓದಿದ ಪ್ಲೇಟು, ಪಾರ್ಟ್ ಬಿಯ ನಂಬರು, ನಿಮ್ಮ ಸ್ಲಾಟ್ ಪಟ್ಟಿಯಲ್ಲಿರುವ ಗಾಡಿ ನಂಬರು, ಮೂರೂ ಒಂದೇ ಆದರೆ ಬ್ಯಾರಿಯರ್ ಏಳಲಿ. ಒಂದು ತಪ್ಪಿದರೂ ಏಳಬಾರದು. ಬಿಲ್ಲಿನ ಅವಧಿ ಮುಗಿದಿದೆಯಾ ಅನ್ನುವುದೂ ಅಲ್ಲೇ ಗೊತ್ತಾಗಬೇಕು. ಸಾಮಾನ್ಯ ಸರಕಿಗೆ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ.

ಇನ್ನು ಪ್ಲೇಟ್ ಓದುವ ವಿಷಯ. ಮಾರುವವರು ತೋರಿಸುವ ವಿಡಿಯೊದಲ್ಲಿ ತೊಳೆದ ಕಾರು ಬರುತ್ತದೆ. ನಿಮ್ಮ ಗೇಟಿಗೆ ಬರುವುದು ಮಳೆಗಾಲದ ಕೆಸರು ಮೆತ್ತಿದ ಲಾರಿ. ಬಂಪರಿಗೆ ಹೂವಿನ ಹಾರ, ಕೆಳಗೆ ನಿಂಬೆಹಣ್ಣು ಮೆಣಸಿನಕಾಯಿ. ಆಯುಧಪೂಜೆ ವಾರದಲ್ಲಿ ಬಾಳೆಕಂದು ಪ್ಲೇಟಿನ ಮೇಲೇ ಬಿದ್ದಿರುತ್ತದೆ. 2019ರ ಏಪ್ರಿಲ್‌ನಿಂದ ಬಂದ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ (ಸರ್ಕಾರದ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್) ಇದೆ, ಅಕ್ಷರ ಒಂದೇ ಥರ, ಓದಲು ಸುಲಭ. ಅದಕ್ಕಿಂತ ಹಳೆಯ ಗಾಡಿಗಳದ್ದೇ ಕಷ್ಟ. ಹೊಸ ಪ್ಲೇಟ್ ಹಾಕಿಸಲು ಸರ್ಕಾರ ಕೊಟ್ಟ ಗಡುವು ಮುಂದೆ ಹೋಗುತ್ತಲೇ ಇತ್ತು. ಪೇಂಟರ್ ಕೈಬರಹದ ನಂಬರು ಇನ್ನೂ ಕಾಣುತ್ತದೆ.

ಇದಕ್ಕೆ ಪರಿಹಾರ ಇಲ್ಲ ಅಂತಲ್ಲ. ನಮ್ಮ ನಂಬರಿಗೆ ಒಂದು ಕ್ರಮ ಇದೆ: ಕೆಎ, ಆಮೇಲೆ 52 ಥರ ಎರಡು ಅಂಕಿ, ಆಮೇಲೆ ಅಕ್ಷರ, ಕೊನೆಗೆ ನಾಲ್ಕು ಅಂಕಿ. ಅಂಕಿ ಇರಬೇಕಾದ ಜಾಗದಲ್ಲಿ 'ಬಿ' ಕಂಡರೆ ಅದು 8 ಇರಬೇಕು ಅಂತ ಒಳ್ಳೆ ಸಾಫ್ಟ್‌ವೇರ್ ತಾನೇ ಊಹಿಸುತ್ತದೆ. ಅವತ್ತಿನ ಪಟ್ಟಿಯಲ್ಲಿ ಇರುವುದು ನಲವತ್ತೇ ನಂಬರು ಅಂದಮೇಲೆ ಹೋಲಿಸುವುದು ಇನ್ನೂ ಸುಲಭ. ವೈಟ್‌ಫೀಲ್ಡ್ ಐಸಿಡಿಯಿಂದ (ಒಳನಾಡಿನ ಕಂಟೇನರ್ ಡಿಪೊ) ಕಂಟೇನರ್ ಬರುತ್ತಿದ್ದರೆ ಅದರ ನಂಬರನ್ನೂ ಓದಿಸಿ. ನಾಲ್ಕು ಅಕ್ಷರ, ಏಳು ಅಂಕಿ. ಕೊನೆಯ ಅಂಕಿ ಮೊದಲಿನ ಹತ್ತರ ಲೆಕ್ಕದಿಂದಲೇ ಬರುತ್ತದೆ. ಹಾಗಾಗಿ ಓದುವಾಗ ಒಂದು ತಪ್ಪಿದರೂ ಹೆಚ್ಚು ಕಡಿಮೆ ಯಾವಾಗಲೂ ಅಲ್ಲೇ ಸಿಕ್ಕಿಬೀಳುತ್ತದೆ.

ಆದರೆ ಪ್ಲೇಟ್ ಅಂದರೆ ಒಂದು ತಗಡು, ಅಲ್ವಾ? ಅದೇ ನಂಬರನ್ನು ಇನ್ನೊಂದು ಲಾರಿಗೂ ಹಾಕಬಹುದು. ಜೊತೆಗೆ ಫಾಸ್ಟ್ಯಾಗ್ ಓದಿಸಿ. 2021ರ ಫೆಬ್ರವರಿಯಿಂದ ಟೋಲಿನಲ್ಲಿ ಅದು ಕಡ್ಡಾಯವಾದ್ದರಿಂದ ಹೆದ್ದಾರಿ ಲಾರಿಗಳ ಗಾಜಿನ ಮೇಲೆ ಇದ್ದೇ ಇರುತ್ತದೆ. ಬ್ಯಾಟರಿ ಇಲ್ಲದ ಚಿಪ್ ಅದು. ಅದರ ಗುರುತನ್ನು ನಿಮ್ಮ ಪಟ್ಟಿಯ ಗಾಡಿ ನಂಬರಿನ ಜೊತೆ ಒಮ್ಮೆ ಜೋಡಿಸಿಟ್ಟರೆ, ಮುಂದಿನ ಸಲ ಪ್ಲೇಟು ಒಂದು ಹೇಳಿ ಟ್ಯಾಗು ಇನ್ನೊಂದು ಹೇಳಿದರೆ ತಕ್ಷಣ ಗೊತ್ತಾಗುತ್ತದೆ.

ಇಷ್ಟೆಲ್ಲ ಆದರೂ ಯಂತ್ರ ಹೇಳಿದ್ದು ಒಂದೇ ಮಾತು: ಇದು ಬರಬೇಕಿದ್ದ ಗಾಡಿ. ಒಳಗೆ ಮಾಲು ಪೂರ್ತಿ ಇದೆಯಾ ಅನ್ನುವುದು ಅದಕ್ಕೆ ಗೊತ್ತಿಲ್ಲ. ನಿಮ್ಮ ಸೆಕ್ಯುರಿಟಿಯವರು ಬೇಕಾಗುವುದು ಇಲ್ಲೇ. ಕಂಟೇನರ್ ಬಾಗಿಲಿನ ಬಾಟಲ್ ಸೀಲ್ (ಕತ್ತರಿಸದೆ ತೆಗೆಯಲು ಬಾರದ ಲೋಹದ ಸೀಲ್) ಹಾಗೇ ಇರುತ್ತದೆ, ನಂಬರೂ ಸರಿ ಇರುತ್ತದೆ, ಮಾಲು ಮಾತ್ರ ಕಡಿಮೆ. ಹೇಗೆ? ಸೀಲ್ ಹಾಕಿದ ಹ್ಯಾಂಡಲ್ಲಿನ ರಿವೆಟ್ ಕೊರೆದು ತೆಗೆದು, ಬಾಗಿಲು ತೆರೆದು, ಆಮೇಲೆ ಹೊಸ ರಿವೆಟ್ ಹೊಡೆದು ಬಣ್ಣ ಬಳಿಯುತ್ತಾರೆ. ಹಿಂಜಿನ ಕಡೆಯಿಂದಲೂ ಹೀಗೇ ಮಾಡುತ್ತಾರೆ. ಸೀಲನ್ನು ಕೈಯಲ್ಲಿ ಹಿಡಿದು ಎಳೆದು, ತಿರುಗಿಸಿ ನೋಡಬೇಕು. ತುಕ್ಕು ಹಿಡಿದ ಹ್ಯಾಂಡಲ್ಲಿನಲ್ಲಿ ಒಂದೇ ಒಂದು ರಿವೆಟ್ ಹೊಳೆಯುತ್ತಿದೆಯಾ, ಅದರ ಸುತ್ತ ಬಣ್ಣ ಹೊಸದಾಗಿದೆಯಾ ನೋಡಬೇಕು. ಟಾರ್ಪಾಲಿನ್ ಗಾಡಿಯಾದರೆ ಹಗ್ಗದ ಗಂಟು, ಹೊಲಿಗೆ. ರಿಜಿಸ್ಟರ್ ಬರೆಯುತ್ತಾ ಕೂತವರಿಗೆ ಇದಕ್ಕೆಲ್ಲ ಪುರುಸೊತ್ತು ಎಲ್ಲಿ? ಬರೆಯುವ ಕೆಲಸ ಇಲ್ಲವಾದರೆ ಅವರು ಎದ್ದು ಲಾರಿಯ ಹಿಂದೆ ಹೋಗುತ್ತಾರೆ. ಸೀಲಿನ ಫೋಟೊ ಅವರ ಫೋನಿನಿಂದಲೇ ಆ ಟ್ರಿಪ್ಪಿನ ಎಂಟ್ರಿಗೆ ಸೇರಲಿ.

ಡ್ರೈವರ್ ವಿಷಯ ನನಗೆ ತುಂಬ ಮುಖ್ಯ ಅನಿಸುತ್ತದೆ. ಈಗ ಸಾಮಾನ್ಯವಾಗಿ ರಿಜಿಸ್ಟರಿನಲ್ಲಿ ಬೀಳುವುದು ಗಾಡಿ ಒಳಗೆ ಬಂದ ಟೈಮು. ಅದಕ್ಕೂ ಮುಂಚೆ ರಸ್ತೆಯಲ್ಲಿ ಅವರು ಕಾದ ಗಂಟೆಗಳು ಎಲ್ಲೂ ಇರುವುದಿಲ್ಲ. ಹಾಲ್ಟಿಂಗ್ ಚಾರ್ಜ್ (ಕಾಯಿಸಿದ್ದಕ್ಕೆ ಕೊಡುವ ದುಡ್ಡು) ಕೇಳಿದರೆ ಗೋದಾಮಿನವರು "ನೀವು ಬಂದಿದ್ದೇ ಮಧ್ಯಾಹ್ನ" ಅನ್ನುತ್ತಾರೆ. ಹಾಗಾಗಿ ಒಂದು ಕ್ಯಾಮೆರಾ ಹೊರಗೆ, ಸಾಲು ಶುರುವಾಗುವ ಕಡೆ ಇರಲಿ. ಬಂದ ಟೈಮು, ಒಳಗೆ ಬಿಟ್ಟ ಟೈಮು, ಡಾಕ್ ನಂಬರ್ ಡ್ರೈವರ್ ಫೋನಿಗೆ ಮೆಸೇಜ್ ಹೋಗಲಿ. ಕನ್ನಡ, ಹಿಂದಿ, ತಮಿಳು, ತೆಲುಗಿನಲ್ಲಿ ಇರಲಿ. ಎಷ್ಟೋ ಸಲ ಪಟ್ಟಿಯಲ್ಲಿರುವ ಫೋನು ಓನರದ್ದಾಗಿರುತ್ತದೆ. ಆಗ ಮೆಸೇಜ್ ಬೇರೆ ಊರಿಗೆ ಹೋಗಿ ಡ್ರೈವರ್ ಗೇಟಿನಲ್ಲಿ ಪರದಾಡುತ್ತಾರೆ, ಸ್ಲಾಟ್ ಕೊಡುವಾಗಲೇ ಇದನ್ನು ಕೇಳಿಕೊಳ್ಳಿ. ಆಧಾರ್ ಜೆರಾಕ್ಸ್ ಇಟ್ಟುಕೊಳ್ಳುವ ರೂಢಿಯನ್ನು ದಯವಿಟ್ಟು ಬಿಡಿ. ಡಿಜಿಲಾಕರಿನಲ್ಲಿ ಡಿಎಲ್ ತೋರಿಸಿದರೆ ಸಾಕು. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ. ಸುಮ್ನೆ ಯಾರ ಯಾರ ದಾಖಲೆನೋ ಡ್ರಾಯರಿನಲ್ಲಿ ತುಂಬಿಕೊಂಡರೆ ನಿಮಗೇ ತೊಂದರೆ.

ಬೂಮ್ ಬ್ಯಾರಿಯರ್ ಲಾರಿಯನ್ನು ತಡೆಯುವಷ್ಟು ಗಟ್ಟಿ ಅಲ್ಲ, ಅದು ನಿಲ್ಲಿ ಅನ್ನುವ ಗುರುತು ಅಷ್ಟೆ. ರಾತ್ರಿ ಗಟ್ಟಿ ಗೇಟೂ ಬೇಕು. ಬ್ಯಾರಿಯರ್ ಕೆಳಗೆ ನೆಲದಲ್ಲಿ ಲೂಪ್ (ಮೇಲೆ ಗಾಡಿ ಇದೆಯಾ ಅಂತ ಗುರುತಿಸುವ ತಂತಿಯ ಸುರುಳಿ) ಹಾಕಿಸಿ, ಇಲ್ಲದಿದ್ದರೆ ಉದ್ದನೆ ಟ್ರೈಲರ್ ಅರ್ಧ ದಾಟುವಾಗ ಕೋಲು ಇಳಿಯಬಹುದು. ಕರೆಂಟ್ ಹೋದಾಗ ಕೈಯಲ್ಲಿ ಎತ್ತಲು ಬರಬೇಕು. ಅದರ ಕೀ ಗೇಟಿನಲ್ಲೇ ಇರಬೇಕು, ಮ್ಯಾನೇಜರ್ ಜೇಬಿನಲ್ಲಲ್ಲ. ಬೆಂಕಿ ಹೊತ್ತಿ ಅಗ್ನಿಶಾಮಕ ಗಾಡಿ ಬಂದಾಗ ನಂಬರ್ ಪಟ್ಟಿಯಲ್ಲಿ ಇಲ್ಲ ಅಂತ ಕಾಯಿಸಲು ಆಗುವುದಿಲ್ಲ. ನೆಟ್ ಹೋದರೂ ಅವತ್ತಿನ ಪಟ್ಟಿ ಗೇಟಿನ ಕಂಪ್ಯೂಟರಿನಲ್ಲಿ ಉಳಿದಿರಬೇಕು.

ದುಡ್ಡು ಕೊಡುವ ಮುಂಚೆ ಮಾರುವವರಿಗೆ ಒಂದು ಮಾತು ಹೇಳಿ: ನಿಮ್ಮ ಕ್ಯಾಮೆರಾ ನಮ್ಮ ಗೇಟಿನಲ್ಲೇ ಒಂದು ವಾರ ಇರಲಿ, ರಾತ್ರಿಯೂ ಓಡಲಿ, ಹಳೆಯ ರಿಜಿಸ್ಟರೂ ಜೊತೆಗೆ ನಡೆಯಲಿ. ವಾರದ ಕೊನೆಗೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಎಷ್ಟು ಗಾಡಿ ತಪ್ಪಿತು, ಯಾಕೆ ತಪ್ಪಿತು ಅನ್ನುವುದನ್ನು ಗೇಟಿನಲ್ಲಿ ನಿಂತವರನ್ನೇ ಕೇಳಿ. ಬೆಲೆಯ ಮಾತು ಆಮೇಲೆ ಆಡಿ.