ಹೆಸರು ಬಿಟ್ಟು ನಂಬರ್ ಹಿಡಿದಾಗ

ಬ್ಯಾಟರಿ ಮೇಲೆ ನಡೆಯುವ ಒಂದು ಸಣ್ಣ ಸೆನ್ಸರ್‌ಗೆ 'ಈಗ ಟೈಮ್ ಎಷ್ಟು, ನೀನು ಯಾವಾಗ ಆನ್ ಆದೆ?' ಅಂತ ಕೇಳಿದೆವು ಅಂದುಕೊಳ್ಳಿ. ಉತ್ತರ ಯಾಂಗ್ ಮಾಡೆಲ್ (ಡಿವೈಸ್‌ನ ಮಾಹಿತಿಗೆ ಏನೇನು ಹೆಸರು, ಯಾವುದರೊಳಗೆ ಯಾವುದು ಅಂತ ಹೇಳುವ ನಕ್ಷೆ) ಪ್ರಕಾರ ಬರಬೇಕು. ಮೇಲೆ 'ಐಇಟಿಎಫ್-ಸಿಸ್ಟಮ್:ಸಿಸ್ಟಮ್-ಸ್ಟೇಟ್', ಅದರೊಳಗೆ 'ಕ್ಲಾಕ್', ಅದರೊಳಗೆ 'ಕರೆಂಟ್-ಡೇಟ್‌ಟೈಮ್' ಮತ್ತು 'ಬೂಟ್-ಡೇಟ್‌ಟೈಮ್'. ಈ ನಾಲ್ಕು ಇಂಗ್ಲಿಷ್ ಹೆಸರುಗಳನ್ನು ಸಿಬಾರ್‌ನಲ್ಲಿ, ಅಂದರೆ ಡೇಟಾವನ್ನು ಚಿಕ್ಕದಾಗಿ ಬೈಟ್‌ಗಳಲ್ಲಿ ಬರೆಯುವ ಒಂದು ವಿಧಾನದಲ್ಲಿ, ಬರೆದರೆ 63 ಬೈಟ್. ಟೈಮ್ ಇನ್ನೂ ಬಂದೇ ಇಲ್ಲ, ಇದು ಬರೀ ಹೆಸರು! ಯುರೋಪಿನ 868 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಲೋರಾವಾನ್ (ಇಂಥ ಸೆನ್ಸರ್‌ಗಳಿಗಾಗಿಯೇ ಇರುವ ದೂರವ್ಯಾಪ್ತಿಯ ರೇಡಿಯೋ ನೆಟ್‌ವರ್ಕ್) ಅತಿ ನಿಧಾನದ ದರದಲ್ಲಿ ಓಡುವಾಗ ಒಂದು ಸಲಕ್ಕೆ ಕಳಿಸಬಹುದಾದ್ದೇ 51 ಬೈಟ್.

ಇದಕ್ಕೆ ಬಂದ ಉಪಾಯ ಸಿಡ್. ಮಾಡೆಲ್‌ನ ಪ್ರತಿ ಐಟಂಗೂ ಒಂದು ನಂಬರ್. ಇಂಟರ್ನೆಟ್ ಸ್ಟ್ಯಾಂಡರ್ಡ್ ದಾಖಲೆಯಾದ ಆರ್‌ಎಫ್‌ಸಿ 9254ರ ಉದಾಹರಣೆಯಲ್ಲಿ ಮೇಲಿನ ನಾಲ್ಕಕ್ಕೆ 1720, 1721, 1723, 1722 ಅಂತ ಇವೆ. ಇವನ್ನೂ ಪೂರ್ತಿ ಬರೆಯುವುದಿಲ್ಲ. 1720ಕ್ಕೆ ಮೂರು ಬೈಟ್. ಕ್ಲಾಕ್ ಅದಕ್ಕಿಂತ 1 ಜಾಸ್ತಿ, ಹಾಗಾಗಿ ಸುಮ್ನೆ 1 ಅಂತ ಬರೆದರೆ ಸಾಕು. ಕ್ಲಾಕ್ ಒಳಗಿನವು ಕ್ಲಾಕ್‌ಗಿಂತ 2 ಮತ್ತು 1 ಜಾಸ್ತಿ, ಅವೂ ಹಾಗೇ. ಸಿಬಾರ್‌ನಲ್ಲಿ -24ರಿಂದ 23ರವರೆಗಿನ ಅಂಕಿಗೆ ಒಂದೇ ಬೈಟ್. ಒಟ್ಟು ಆರು ಬೈಟ್. 63 ಎಲ್ಲಿ, 6 ಎಲ್ಲಿ!

ಹೆಸರನ್ನೇ ಹ್ಯಾಶ್ ಮಾಡಿ, ಅಂದರೆ ಒಂದು ಸೂತ್ರಕ್ಕೆ ಹಾಕಿ, ನಂಬರ್ ಹುಟ್ಟಿಸಬಹುದಿತ್ತಲ್ವಾ ಅಂತ ನಿಮಗೆ ಅನ್ನಿಸಬಹುದು. ಶುರುವಿನ ಕರಡುಗಳು ಆ ದಾರಿಯನ್ನೇ ಹಿಡಿದಿದ್ದವು. ಆದರೆ ಎರಡು ಹೆಸರಿಗೆ ಒಂದೇ ಹ್ಯಾಶ್ ಬಂದರೆ ಏನು ಮಾಡೋದು ಅನ್ನೋ ತಲೆನೋವು ಜೊತೆಗೇ ಬರುತ್ತದೆ. ಆದ್ದರಿಂದ ನಂಬರ್‌ಗಳನ್ನು ಹಂಚುವ ವ್ಯವಸ್ಥೆಯೇ ಬಂತು. 2024ರ ಆರ್‌ಎಫ್‌ಸಿ 9595 ಇದನ್ನು ವಿವರಿಸುತ್ತದೆ. ಒಂದೊಂದು ದೊಡ್ಡ ಕಂತಿನಲ್ಲಿ 10 ಲಕ್ಷ ನಂಬರ್. ಮೊದಲ ಕಂತು ಇಂಟರ್ನೆಟ್ ನಂಬರ್‌ಗಳನ್ನು ನೋಡಿಕೊಳ್ಳುವ ಸಂಸ್ಥೆ ಐಯಾನಾ ಕೈಯಲ್ಲಿದೆ. ಯಾವ ಐಟಂಗೆ ಯಾವ ನಂಬರ್ ಅನ್ನೋದು ಸಿಡ್ ಫೈಲ್‌ನಲ್ಲಿ ಇರುತ್ತದೆ, ಜೇಸನ್ ಅನ್ನೋ ಟೆಕ್ಸ್ಟ್ ರೂಪದಲ್ಲಿ.

ಎಲ್ಲರೂ ಬೈಟ್ ಉಳಿತಾಯದ ಲೆಕ್ಕ ಹೇಳುತ್ತಾರೆ. ನನ್ನ ಪ್ರಕಾರ ಜಾಸ್ತಿ ಜೋಪಾನ ಮಾಡಬೇಕಾದ್ದು ಈ ಫೈಲನ್ನು. ಇದು ನಾನು ಪೆಟ್ಟು ತಿಂದು ಕಲಿತದ್ದು.

ಒಂದು ಪ್ರಾಜೆಕ್ಟ್‌ನಲ್ಲಿ ನಮ್ಮ ಮಾಡೆಲ್‌ಗೆ ಮೂರು ಲೀಫ್ (ಒಂದೊಂದೇ ಬೆಲೆ ಹಿಡಿಯುವ ಐಟಂ) ಇದ್ದವು: ಬ್ಯಾಟರಿ-ಲಿಮಿಟ್, ರಿಪೋರ್ಟ್-ಇಂಟರ್‌ವಲ್, ಟೆಂಪ್-ಲಿಮಿಟ್. ಆಮೇಲೆ ಕ್ಯಾಲಿಬ್ರೇಷನ್‌ಗೆ ಒಂದು ಲೀಫ್ ಸೇರಿಸಿದೆವು. ಸಿಡ್ ಫೈಲ್ ಅಪ್‌ಡೇಟ್ ಮಾಡಬೇಕಿತ್ತು. ಅವಸರದಲ್ಲಿ ಹೊಸದಾಗಿ ಜನರೇಟ್ ಮಾಡಿಬಿಟ್ಟೆವು. ನಂಬರ್‌ಗಳು ಹೆಸರಿನ ಅಕ್ಷರಕ್ರಮದಲ್ಲಿ ಬಿದ್ದವು. ಹೊಸ ಲೀಫ್ ಎರಡನೇ ಜಾಗಕ್ಕೆ ಬಂದು ಕೂತಿತು. ಅದರ ನಂತರದವು ಒಂದೊಂದು ಮುಂದೆ ಜರುಗಿದವು.

ಸರ್ವರ್ ಹೊಸ ಫೈಲ್ ಹಿಡಿದು 'ರಿಪೋರ್ಟ್-ಇಂಟರ್‌ವಲ್ 900 ಸೆಕೆಂಡ್' ಅಂತ ಕಳಿಸಿತು. ಹಳೇ ಫರ್ಮ್‌ವೇರ್‌ನ ಡಿವೈಸ್‌ಗೆ ಆ ನಂಬರ್ ಅಂದರೆ ಟೆಂಪ್-ಲಿಮಿಟ್. 900 ಡಿಗ್ರಿ! ಎರಡೂ 16 ಬಿಟ್ ಅಂಕಿಯೇ ಆದ್ದರಿಂದ ಟೈಪ್ ಚೆಕ್ ದಾಟಿ ಹೋಯಿತು. ಮಾಡೆಲ್‌ನಲ್ಲಿ ರೇಂಜ್ ಹಾಕಿರಲಿಲ್ಲ, ಅದೂ ನಮ್ಮದೇ ತಪ್ಪು. ಎಲ್ಲೂ ಎರರ್ ಇಲ್ಲ. ಅಲಾರಂ ಮಾತ್ರ ಹೊಡೆಯುವುದು ನಿಂತಿತು. ಹೊಡೆಯದ ಅಲಾರಂ ಯಾರ ಗಮನಕ್ಕೂ ಬೇಗ ಬರುವುದಿಲ್ಲ ನೋಡಿ. ಹೆಸರು ಕಳಿಸುತ್ತಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ.

ಈಗ ನಮ್ಮ ಬಿಲ್ಡ್‌ನಲ್ಲೇ ಒಂದು ಸ್ಕ್ರಿಪ್ಟ್ ಇದೆ. ಹಿಂದಿನ ರಿಲೀಸ್‌ನ ಸಿಡ್ ಫೈಲ್ ಜೊತೆ ಹೋಲಿಸುತ್ತದೆ. ಒಂದೇ ಒಂದು ಹಳೇ ನಂಬರ್ ಬದಲಾಗಿದ್ದರೂ ಬಿಲ್ಡ್ ಫೇಲ್. ಲಾಗ್‌ನಲ್ಲಿ ನಂಬರ್ ಪಕ್ಕ ಹೆಸರನ್ನೂ ಬರೆಸುತ್ತೇವೆ. ರಾತ್ರಿ ಎರಡು ಗಂಟೆಗೆ ಬರೀ ಅಂಕಿ ನೋಡಿ ಏನಾಗಿದೆ ಅಂತ ಹೇಳೋದು ನನ್ನಿಂದಂತೂ ಆಗದು.

ಮೊನ್ನೆ ಒಂದು ಲೀಫ್ ತೆಗೆದೆವು. ಟೀಮ್‌ಗೆ ಹೊಸದಾಗಿ ಬಂದ ಹುಡುಗ, 'ಸರ್, ಅದರ ನಂಬರ್ ಖಾಲಿ ಇದೆಯಲ್ಲ, ಈ ಹೊಸ ಲೀಫ್‌ಗೆ ಕೊಡಲಾ?' ಅಂದ. ಬೇಡ ಮಾರಾಯ, ಹಾಗೇ ಬಿಡು ಅಂದೆ. ಆ ನಂಬರ್‌ಗೆ ಹಳೇ ಅರ್ಥವನ್ನೇ ನಂಬಿಕೊಂಡಿರುವ ಡಿವೈಸ್‌ಗಳು ಇನ್ನೂ ಕಂಬಗಳ ಮೇಲೆ ಕೂತಿವೆ.