ಬಾವಲಿಗಳು ಕಾಡು ಬಿಟ್ಟು ಊರಿಗೆ ಬಂದಿದ್ದೇಕೆ?

2018ರ ನವೆಂಬರ್ 26ರಂದು ಆಸ್ಟ್ರೇಲಿಯಾದ ಈಶಾನ್ಯ ಕರಾವಳಿಯ ಕೇರ್ನ್ಸ್ ಊರಿನಲ್ಲಿ ತಾಪಮಾನ 42.6 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಕಲಬುರಗಿ, ರಾಯಚೂರಿನವರಿಗೆ ಇದೇನು ಮಹಾ ಬಿಸಿಲು ಅನಿಸಬಹುದು. ಆದರೆ ಕೇರ್ನ್ಸ್ ಸಮುದ್ರದ ದಂಡೆಯ ಊರು. ಪಕ್ಕದಲ್ಲೇ ಮಳೆಕಾಡು. ನವೆಂಬರಿನಲ್ಲಿ ಅಂಥ ಬಿಸಿಲನ್ನು ಆ ಊರು ಕಂಡಿರಲಿಲ್ಲ. ಎರಡೇ ದಿನದಲ್ಲಿ ಸುಮಾರು 23,000 ಬಾವಲಿಗಳು ಸತ್ತವು. ಕಣ್ಣಿನ ಸುತ್ತ ತಿಳಿಬಣ್ಣದ ಕೂದಲಿದ್ದು, ಕನ್ನಡಕ ಹಾಕಿಕೊಂಡಂತೆ ಕಾಣುವ ದೊಡ್ಡ ಬಾವಲಿಗಳು ಅವು. ಹಣ್ಣು, ಮಕರಂದ ಅವುಗಳ ಊಟ. ಇಡೀ ಆಸ್ಟ್ರೇಲಿಯಾದಲ್ಲಿದ್ದ ಆ ಜಾತಿಯಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಆ ಎರಡು ದಿನಗಳಲ್ಲಿ ಇಲ್ಲವಾಯಿತು.

ಹವಾಮಾನ ಬದಲಾವಣೆ ಅಂದರೆ ನಿಧಾನವಾಗಿ ಆಗುವ ಸಂಗತಿ, ವರ್ಷಕ್ಕೆ ಇಷ್ಟಿಷ್ಟೇ ಬಿಸಿ ಏರುತ್ತದೆ ಎಂದುಕೊಳ್ಳುತ್ತೇವೆ. ಸರಾಸರಿ ಏರುವುದು ಹಾಗೇ ಇರಬಹುದು. ಪ್ರಾಣಿಗಳು ಸಾಯುವುದು ಮಾತ್ರ ಒಂದು ಮಧ್ಯಾಹ್ನದಲ್ಲಿ.

ಆ ಮಧ್ಯಾಹ್ನ ಬಾವಲಿಯ ಮೈಯಲ್ಲಿ ಏನಾಗುತ್ತದೆ ಎನ್ನುವುದನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು ಮರದ ಕೆಳಗೆ ನಿಂತು ನೋಡಿ ಬರೆದಿಟ್ಟಿದ್ದಾರೆ. ಹಣ್ಣು ತಿನ್ನುವ ದೊಡ್ಡ ಬಾವಲಿಗಳು ಗುಹೆಯಲ್ಲಿ ಇರುವುದಿಲ್ಲ. ಎತ್ತರದ ಮರದ ಕೊಂಬೆಗಳಲ್ಲಿ, ಬಟಾಬಯಲಲ್ಲಿ ಹಗಲಿಡೀ ನೇತಾಡುತ್ತವೆ. ನಮ್ಮ ಹಾಗೆ ಬೆವರಿ ಮೈ ತಂಪು ಮಾಡಿಕೊಳ್ಳಲು ಅವಕ್ಕೆ ಬರುವುದಿಲ್ಲ. ಬಿಸಿಲೇರಿದಂತೆ ಮೊದಲು ರೆಕ್ಕೆ ಬೀಸಿಕೊಳ್ಳುತ್ತವೆ. ರೆಕ್ಕೆಯ ತೆಳು ಚರ್ಮದ ತುಂಬ ರಕ್ತನಾಳಗಳಿವೆ, ಗಾಳಿಯಾಡಿದರೆ ಅಲ್ಲಿಂದ ಬಿಸಿ ಹೊರಹೋಗುತ್ತದೆ. ಅದು ಸಾಲದಾದಾಗ ಕೊಂಬೆಯಿಂದ ಕೊಂಬೆಗೆ ಸರಿದು ನೆರಳು ಹುಡುಕುತ್ತವೆ. ಆಮೇಲೆ ಬಾಯಿ ತೆರೆದು ಏದುಸಿರು ಬಿಡುತ್ತವೆ. ಕೊನೆಗೆ ತಮ್ಮ ಜೊಲ್ಲನ್ನೇ ರೆಕ್ಕೆಗೂ ಮೈಗೂ ಸವರಿಕೊಳ್ಳುತ್ತವೆ. ಆ ತೇವ ಆರುವಾಗ ಒಂದಿಷ್ಟು ತಂಪು ಸಿಗುತ್ತದೆ. ಆದರೆ ಅಷ್ಟರಲ್ಲಿ ಮೈಯೊಳಗಿನ ನೀರೂ ಖಾಲಿಯಾಗುತ್ತಾ ಬಂದಿರುತ್ತದೆ. 42 ಡಿಗ್ರಿ ದಾಟಿದರೆ ಈ ಉಪಾಯಗಳೆಲ್ಲ ಸೋಲುತ್ತವೆ. ಬಾವಲಿಗಳು ಮರದ ಬುಡದ ಕಡೆ ಇಳಿದು, ಒಂದರ ಮೇಲೊಂದು ಗುಂಪುಗಟ್ಟಿ, ಹಾಗೇ ಉದುರಿ ಬೀಳುತ್ತವೆ.

2002ರ ಜನವರಿ 12ರಂದು ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಒಂಬತ್ತು ಬೀಡುಗಳಲ್ಲಿ 3,500ಕ್ಕೂ ಹೆಚ್ಚು ಬಾವಲಿಗಳು ಹೀಗೆ ಸತ್ತವು. ಅಂದು ಹತ್ತಿರದಿಂದ ನೋಡಿದವರಿಗೆ ಒಂದು ವಿಷಯ ಎದ್ದು ಕಂಡಿತು. ಒಂದೇ ಬೀಡಿನಲ್ಲಿ ಎರಡು ಜಾತಿಯ ಬಾವಲಿಗಳಿದ್ದವು. ತಲೆ ಬೂದು ಬಣ್ಣದ ಜಾತಿಯಲ್ಲಿ ನೂರಕ್ಕೆ ಒಂದೂ ಸತ್ತಿರಲಿಲ್ಲ. ಕಪ್ಪು ಜಾತಿಯಲ್ಲಿ ನೂರಕ್ಕೆ ಹತ್ತರಿಂದ ಹದಿಮೂರು ಸತ್ತಿದ್ದವು. ಕಪ್ಪು ಬಾವಲಿ ಉತ್ತರದ ಉಷ್ಣವಲಯದಿಂದ ದಕ್ಷಿಣಕ್ಕೆ ಹರಡಿದ ಜಾತಿ. ಬಿಸಿನಾಡಿನ ಪ್ರಾಣಿ ಬಿಸಿಲು ತಡೆಯುತ್ತದೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ ಅಲ್ವಾ? ಇಲ್ಲಿ ಆಗಿದ್ದು ಅದರ ಉಲ್ಟಾ. ಸತ್ತವುಗಳಲ್ಲಿ ಮರಿಗಳೂ ಹೆಣ್ಣುಗಳೂ ಜಾಸ್ತಿ. ಆಸ್ಟ್ರೇಲಿಯಾದ ಬೇಸಿಗೆ ಬರುವ ಹೊತ್ತಿಗೇ ಇವು ಮರಿ ಹಾಕಿ ಹಾಲೂಡಿಸುತ್ತಿರುತ್ತವೆ. ಇನ್ನೊಂದು ತೊಡಕು ಇದೆ. ಇಲಿಯಂತೆ ಇವು ಬೇಗ ಬೇಗ ಸಂತಾನ ಬೆಳೆಸುವುದಿಲ್ಲ. ವರ್ಷಕ್ಕೆ ಒಂದೇ ಮರಿ. ಒಂದು ಮಧ್ಯಾಹ್ನದಲ್ಲಿ ಹೋದದ್ದನ್ನು ತುಂಬಿಕೊಳ್ಳಲು ಬಹಳ ವರ್ಷ ಬೇಕು. ತುಂಬುವ ಮುಂಚೆಯೇ ಇನ್ನೊಂದು ಬಿಸಿಗಾಳಿ ಬಂದರೆ?

2014ರ ಜನವರಿಯಲ್ಲಿ ಬಂದೇಬಂತು. ಕ್ವೀನ್ಸ್‌ಲ್ಯಾಂಡಿನ ಆಗ್ನೇಯ ಭಾಗದಲ್ಲಿ ಕಡಿಮೆ ಅಂದರೂ 45,000 ಬಾವಲಿಗಳು ಸತ್ತವು. ಈಗ ಆ ದೇಶದಲ್ಲಿ ಯಾವ ಬೀಡಿಗೆ ಅಪಾಯ ಎಂದು ಮುಂಚಿತವಾಗಿ ಹೇಳುವ ವ್ಯವಸ್ಥೆಯೇ ಇದೆ. ಸ್ವಯಂಸೇವಕರು ನೀರು ಸಿಂಪಡಿಸುವ ಸಲಕರಣೆ ಹೊತ್ತು ಮರಗಳ ಕೆಳಗೆ ಹೋಗುತ್ತಾರೆ.

ಬಿಸಿಲಾದರೆ ತಂಪು ಇರುವ ಕಡೆ ಹೋಗಬಹುದಲ್ಲ, ರೆಕ್ಕೆ ಇದೆಯಲ್ಲ ಎಂದು ಕೇಳಬಹುದು. ಹೋಗುತ್ತವೆ ಕೂಡ. ಯುರೋಪಿನ ದಕ್ಷಿಣದಲ್ಲಿದ್ದ ಒಂದು ಪುಟ್ಟ ಕೀಟಾಹಾರಿ ಬಾವಲಿ ಕೆಲವೇ ದಶಕಗಳಲ್ಲಿ ಉತ್ತರದ ಕಡೆಗೆ ತುಂಬಾ ದೂರ ಹಬ್ಬಿದೆ. ಅಮೆರಿಕದ ಟೆಕ್ಸಾಸಿನಲ್ಲಿ ಬ್ರ್ಯಾಕನ್ ಎಂಬ ಗುಹೆ ಇದೆ, ಲಕ್ಷಲಕ್ಷ ಬಾವಲಿಗಳ ಬೀಡು. ಅವು ಸಂಜೆ ಹೊರಡುವಾಗ ಮಳೆ ನೋಡುವ ರೇಡಾರಿನಲ್ಲೂ ಮೋಡದಂತೆ ಕಾಣಿಸುತ್ತವೆ. ಹವಾಮಾನ ಇಲಾಖೆಯ ಹಳೆಯ ರೇಡಾರ್ ದಾಖಲೆಗಳನ್ನು ತೆಗೆದು ನೋಡಿದಾಗ, 1995ರಿಂದ 2017ರೊಳಗೆ ಅವು ವಲಸೆಯಿಂದ ಸುಮಾರು ಎರಡು ವಾರ ಬೇಗ ವಾಪಸ್ ಬರತೊಡಗಿರುವುದು ತಿಳಿಯಿತು. ಕೆಲವು ಚಳಿಗಾಲಕ್ಕೂ ಅಲ್ಲೇ ಉಳಿಯತೊಡಗಿವೆ. ಬೇಗ ಬಂದ ಬಾವಲಿಗೆ ಹುಳುಗಳೂ ಬೇಗ ಸಿಗಬೇಕು. ಸಿಗದಿದ್ದರೆ ಉಪವಾಸ.

ನೀರೂ ಅಷ್ಟೇ ಮುಖ್ಯ. ಅಮೆರಿಕದ ಕೊಲರಾಡೊದಲ್ಲಿ ಒಂದು ಜಾತಿಯ ಬಾವಲಿಗಳು ನೀರು ಕುಡಿಯಲು ಎಷ್ಟು ಸಲ ಬರುತ್ತವೆ ಎಂದು ಗುರುತು ಹಾಕಿ ಲೆಕ್ಕ ಇಟ್ಟರು. ಹಾಲೂಡಿಸುವ ತಾಯಂದಿರು ಉಳಿದ ಹೆಣ್ಣುಗಳಿಗಿಂತ 13 ಪಟ್ಟು ಹೆಚ್ಚು ಸಲ ಬಂದವು. ಒಣ ಬೇಸಿಗೆಯಲ್ಲಿ ಒಂದು ಹೊಂಡ ಬತ್ತಿದರೆ ಯಾರಿಗೆ ಮೊದಲು ಏಟು ಬೀಳುತ್ತದೆ ಎಂಬುದು ಈ ಒಂದು ಅಂಕಿಯಲ್ಲೇ ಇದೆ.

ಹಾಗಾಗಿ ಹಾರಿ ಹೋಗುವುದು ಅಂದರೆ ನೆರಳು, ನೀರು, ಊಟ ಮೂರೂ ಇರುವ ಜಾಗ ಹುಡುಕುವುದು. ಆ ಜಾಗಗಳನ್ನು ನಾವು ಕಡಿದು ಮುಗಿಸುತ್ತಿದ್ದೇವೆ. ಬಿಸಿಲು ಒಂದು ಕಡೆಯಿಂದ, ಕೊಡಲಿ ಇನ್ನೊಂದು ಕಡೆಯಿಂದ. ಎರಡೂ ಸೇರಿದಾಗ ಏನಾಗುತ್ತದೆ ಎನ್ನುವುದಕ್ಕೆ ಹೆಂಡ್ರಾ ವೈರಸ್ಸಿನ ಕಥೆಗಿಂತ ಸ್ಪಷ್ಟವಾದ ಪುರಾವೆ ನನಗೆ ಗೊತ್ತಿಲ್ಲ.

ಹೆಂಡ್ರಾ ಎನ್ನುವುದು ಬ್ರಿಸ್ಬೇನ್ ನಗರದ ಒಂದು ಬಡಾವಣೆ. 1994ರಲ್ಲಿ ಅಲ್ಲಿನ ಕುದುರೆ ಲಾಯದಲ್ಲಿ ರೇಸ್ ಕುದುರೆಗಳು ಒಂದರ ಹಿಂದೆ ಒಂದು ಸತ್ತವು. ಅವನ್ನು ನೋಡಿಕೊಳ್ಳುತ್ತಿದ್ದ ತರಬೇತುದಾರನೂ ಸತ್ತ. ವೈರಸ್ಸು ಬಂದದ್ದು ಹಣ್ಣು ತಿನ್ನುವ ಬಾವಲಿಗಳಿಂದ. ಬಾವಲಿಗಳಿಂದ ಕುದುರೆಗೆ, ಕುದುರೆಯಿಂದ ಮನುಷ್ಯರಿಗೆ. ಈವರೆಗೆ ಏಳು ಜನರಿಗೆ ತಗುಲಿ ನಾಲ್ವರು ತೀರಿಕೊಂಡಿದ್ದಾರೆ. ಆ ವೈರಸ್ಸು ಬಾವಲಿಗಳಲ್ಲಿ ಬಹಳ ಹಿಂದಿನಿಂದಲೂ ಇದ್ದಿರಬೇಕು, ಅವಕ್ಕೆ ಅದರಿಂದ ಕಾಯಿಲೆ ಬರುವುದಿಲ್ಲ. ಹಾಗಾದರೆ ಅದು ಕುದುರೆಗಳಿಗೆ ದಾಟುವುದು ಯಾವಾಗ?

ವಿಜ್ಞಾನಿಗಳಾದ ಪೆಗಿ ಇಬಿ, ರೈನಾ ಪ್ಲೌರೈಟ್ ಮತ್ತು ಜೊತೆಗಾರರು 1996ರಿಂದ 2020ರವರೆಗಿನ ಮಾಹಿತಿ ಕೂಡಿಹಾಕಿ 2022ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಅವರು ನೋಡಿದ್ದು ನೀಲಗಿರಿ ಜಾತಿಯ ಮರಗಳ ಹೂವನ್ನು. ಕೋಲಾರದ ಕಡೆ ನೀಲಗಿರಿ ಅಂದರೆ ನೀರು ಕುಡಿದು ಮುಗಿಸುವ ಮರ ಎಂದೇ ಹೆಸರು. ಆಸ್ಟ್ರೇಲಿಯಾದಲ್ಲಿ ಅದು ಸ್ವಂತ ನೆಲದ ಮರ, ಬಾವಲಿಗಳಿಗೆ ಅದರ ಮಕರಂದವೇ ಮುಖ್ಯ ಊಟ. ಈ ಮರಗಳು ವರ್ಷ ವರ್ಷವೂ ತಪ್ಪದೆ ಹೂ ಬಿಡುವುದಿಲ್ಲ. ಒಂದು ವರ್ಷ ಇಲ್ಲಿ, ಮುಂದಿನ ವರ್ಷ ಇನ್ನೆಲ್ಲೋ. ಅದಕ್ಕೇ ಬಾವಲಿಗಳು ಹೂವಿನ ಹಿಂದೆ ವರ್ಷಕ್ಕೆ ಸಾವಿರಾರು ಕಿಲೋಮೀಟರ್ ಅಲೆಯುತ್ತವೆ. ಚಳಿಗಾಲದಲ್ಲಿ ಹೂ ಬಿಡುವ ಜಾತಿಗಳು ಕೆಲವೇ ಇವೆ. ಅವು ಬೆಳೆಯುವ ತಗ್ಗು ಪ್ರದೇಶದ ಕಾಡಿನಲ್ಲಿ ಬಹುಪಾಲು 1996ರ ಹೊತ್ತಿಗೇ ಹೊಲವೋ ಊರೋ ಆಗಿತ್ತು. ಉಳಿದದ್ದನ್ನು ಆಮೇಲೂ ಕಡಿದರು.

ಹಾಗಿದ್ದರೂ ಒಳ್ಳೆಯ ವರ್ಷಗಳಲ್ಲಿ ಹೇಗೋ ನಡೆಯುತ್ತಿತ್ತು. ಆದರೆ ಎಲ್ ನಿನೊ ಬಂದಾಗ ಹೂವಿಗೆ ಬರ. ಪೆಸಿಫಿಕ್ ಸಾಗರ ಬಿಸಿಯಾಗಿ ನಮ್ಮ ಮುಂಗಾರನ್ನು ಕೆಡಿಸುವ ಅದೇ ಎಲ್ ನಿನೊ. ಹಸಿದ ಬಾವಲಿಗಳು ದೊಡ್ಡ ಬೀಡು ಒಡೆದು ಚಿಕ್ಕ ಚಿಕ್ಕ ಗುಂಪುಗಳಾದವು. ಊರಿನ ತೋಟ, ಹೊಲದ ಅಂಚು, ಕುದುರೆ ಮೇಯುವ ಬಯಲಿನ ಪಕ್ಕದ ಮರಗಳಿಗೆ ಬಂದು ಕೂತವು. ಊರಿನಲ್ಲಿ ಸಿಗುವುದು ಕಳಪೆ ಊಟ, ಆದರೆ ವರ್ಷವಿಡೀ ಒಂದಿಷ್ಟು ಸಿಗುತ್ತದೆ. ಬಂದವು ಸಾಮಾನ್ಯವಾಗಿ ಹಿಂತಿರುಗಲಿಲ್ಲ. ಸೊರಗಿದ ಬಾವಲಿ ವೈರಸ್ಸನ್ನು ಜಾಸ್ತಿ ಹೊರಹಾಕುತ್ತದೆ. ಅದರ ಉಚ್ಚೆ ಬಿದ್ದ ಹುಲ್ಲನ್ನು ಕುದುರೆ ಮೇಯುತ್ತದೆ.

ಇದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸಿದ್ದು ಇನ್ನೊಂದು ಸಂಗತಿ. ಉಳಿದ ಕಾಡಿನಲ್ಲಿ ಚಳಿಗಾಲದ ಹೂವು ಚೆನ್ನಾಗಿ ಅರಳಿದ ವರ್ಷ ಬಾವಲಿಗಳು ಊರು ಬಿಟ್ಟು ಅಲ್ಲಿಗೆ ಹೋದವು. ಆ ಚಳಿಗಾಲಗಳಲ್ಲಿ ವೈರಸ್ಸು ಕುದುರೆಗಳಿಗೆ ದಾಟಲಿಲ್ಲ. ಓಡಿಸಬೇಕಾಗಲಿಲ್ಲ, ಪಟಾಕಿ ಹೊಡೆಯಬೇಕಾಗಲಿಲ್ಲ. ಕಾಡಿನಲ್ಲಿ ಊಟ ಇತ್ತು, ಹೋದವು ಅಷ್ಟೇ.

ಈಗ ನಮ್ಮ ಕಡೆಗೆ ಬರೋಣ. ನಮ್ಮ ಊರುಗಳ ಆಲ, ಅರಳಿ, ಹುಣಸೆ ಮರಗಳಲ್ಲಿ ಹಗಲು ನೇತಾಡುವ ದೊಡ್ಡ ಬಾವಲಿ ಆಸ್ಟ್ರೇಲಿಯಾದ ಬಾವಲಿಗಳ ಹತ್ತಿರದ ಸಂಬಂಧಿ. 2020ರ ಮೇ ತಿಂಗಳಲ್ಲಿ ಉತ್ತರ ಪ್ರದೇಶದ ಗೋರಖ್‌ಪುರ ಜಿಲ್ಲೆಯ ಬೇಲ್‌ಘಾಟ್‌ನಲ್ಲಿ ಬಾವಲಿಗಳು ಮರದಿಂದ ಉದುರಿ ಸತ್ತವು. ಕೊರೊನಾ ಕಾಲ, ಜನ ಹೆದರಿದರು. ಬರೇಲಿಯ ಪಶುವೈದ್ಯ ಸಂಶೋಧನಾ ಸಂಸ್ಥೆ ಪರೀಕ್ಷೆ ಮಾಡಿ ಕೊರೊನಾ ಅಲ್ಲ, ರೇಬಿಸ್ ಅಲ್ಲ, ಬಿಸಿಲು ಕಾರಣ ಎಂದಿತು. ನಮ್ಮ ದಕ್ಷಿಣದಲ್ಲಿ ಈ ಬಾವಲಿ ಮರಿ ಹಾಕುವುದು ಫೆಬ್ರವರಿಯಿಂದ ಮೇ ಒಳಗೆ. ಅಂದರೆ ಸುಡುಬೇಸಿಗೆಯಲ್ಲೇ ತಾಯಿ ಹಾಲೂಡಿಸುತ್ತಿರುತ್ತದೆ. ಕೇರ್ನ್ಸ್‌ನಲ್ಲಿ ಆದದ್ದು ನಮಗೆ ದೂರದ ಸುದ್ದಿ ಅಲ್ಲ.

2018ರಲ್ಲಿ ಕೇರಳದ ಕೋಯಿಕ್ಕೋಡು, ಮಲಪ್ಪುರಂ ಜಿಲ್ಲೆಗಳಲ್ಲಿ ನಿಪಾ ಬಂದು 17 ಜನ ತೀರಿಕೊಂಡಾಗಲೂ, ಆಮೇಲೆ ಕೊರೊನಾ ಬಂದಾಗಲೂ ಬಾವಲಿ ಇರುವ ಮರ ಕಡಿಯಿರಿ ಎಂಬ ಮಾತು ಎದ್ದಿತು. ಭಯ ಅರ್ಥವಾಗುತ್ತದೆ. ನಿಪಾ ವೈರಸ್ಸು ಹೆಂಡ್ರಾದ ಸೋದರನೇ, ನಮ್ಮ ದೊಡ್ಡ ಬಾವಲಿಯೇ ಅದರ ಆಸರೆ. ಆದರೆ ಆಸ್ಟ್ರೇಲಿಯಾ ಕಲಿಸಿದ್ದನ್ನು ಇಲ್ಲಿಗೆ ಹೊಂದಿಸಿ ನೋಡಿದರೆ, ಮರ ಕಡಿದು ಬೀಡು ಚದುರಿಸಿದಾಗ ಹತ್ತು ಕಡೆ ಹತ್ತು ಹಸಿದ ಗುಂಪುಗಳನ್ನು ನಾವೇ ಮಾಡಿದಂತೆ. ಅಡಿಕೆ ತೋಟ, ಮನೆ ಹಿತ್ತಲು, ಸಪೋಟ ಮರ ಬಿಟ್ಟರೆ ಅವು ಬೇರೆಲ್ಲಿಗೆ ಹೋಗಬೇಕು?

ಕೀಟ ತಿನ್ನುವ ಸಣ್ಣ ಬಾವಲಿಗಳ ಪಾಡು ಬೇರೆ. ತಮಿಳುನಾಡಿನ ವಾಲ್ಪಾರೈ ಬೆಟ್ಟಗಳಲ್ಲಿ ಕಾಡಿನ ತುಣುಕು, ಕಾಫಿ, ಟೀ ತೋಟಗಳು ಪಕ್ಕಪಕ್ಕದಲ್ಲೇ ಇವೆ. ಅಲ್ಲಿ ಬಾವಲಿಗಳ ಸದ್ದು ದಾಖಲಿಸಿ ಅಧ್ಯಯನ ಮಾಡಿದವರಿಗೆ, ಕಾಡುಮರಗಳ ನೆರಳಿರುವ ಕಾಫಿ ತೋಟದಲ್ಲಿ ಬಗೆಬಗೆಯ ಬಾವಲಿಗಳು ಉಳಿದಿರುವುದು ಕಂಡಿತು. ಬೋಳು ಟೀ ತೋಟದಲ್ಲಿ ಬಯಲಲ್ಲಿ ಬೇಟೆಯಾಡಬಲ್ಲ ಕೆಲವಕ್ಕೆ ಮಾತ್ರ ಜಾಗ. ಆದರೆ ಟೀ ತೋಟದ ನಡುವೆಯೂ ಹಳ್ಳದ ಎರಡೂ ದಡದಲ್ಲಿ ಮರ ಬಿಟ್ಟಿದ್ದರೆ ಅಲ್ಲಿ ಬಾವಲಿಗಳಿದ್ದವು. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ಇದನ್ನು ಗಮನಿಸಬೇಕು ಎಂದು ನನ್ನ ಆಸೆ. ನೆರಳಿನ ಮರ ತೆಗೆಯುವ ಮುಂಚೆ ಅದರಡಿ ರಾತ್ರಿ ಯಾರು ಹುಳ ಹಿಡಿಯುತ್ತಿದ್ದಾರೆ ಎಂದೂ ಯೋಚಿಸಬೇಕು.

ಕೋಲಾರದಲ್ಲಿ ಹನುಮನಹಳ್ಳಿ ಎಂಬ ಊರಿದೆ. ಅಲ್ಲಿನ ಕಲ್ಲುಗುಡ್ಡದ ಗುಹೆಯಲ್ಲಿ ಎಲೆಮೂಗಿನ ಒಂದು ಜಾತಿಯ ಬಾವಲಿ ಇದೆ. ಪ್ರಪಂಚದಲ್ಲಿ ಅದು ಉಳಿದಿರುವುದು ಅಲ್ಲಿ ಮಾತ್ರ. ಸುಮಾರು 200, ಅಷ್ಟೇ. ಬಿಸಿಲು ಇನ್ನಷ್ಟು ಏರಿದರೆ ಹಾರಿಹೋಗಲು ಅದಕ್ಕೆ ಇನ್ನೊಂದು ನೆಲೆಯಿಲ್ಲ. ಸುತ್ತಲಿನ ಕಲ್ಲು ಗಣಿಗಾರಿಕೆ ಅದನ್ನು ಅಳಿವಿನ ಅಂಚಿಗೆ ತಂದಿತ್ತು.

ಕಾನೂನು ಸ್ವಲ್ಪ ಬದಲಾಗಿದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ನಮ್ಮ ಹಣ್ಣು ತಿನ್ನುವ ಬಾವಲಿಗಳನ್ನು ಇಲಿ, ಕಾಗೆಗಳ ಜೊತೆ ಪೀಡೆ ಪ್ರಾಣಿಗಳ ಪಟ್ಟಿಗೆ ಸೇರಿಸಿದ್ದರು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಆದರೆ ರಸ್ತೆ ಅಗಲ ಮಾಡುವಾಗ ಹಳೆಯ ಆಲದ ಮರ ಬೀಳುವುದು ನಿಂತಿಲ್ಲ. ಬದಲಿಗೆ ಸಸಿ ನೆಟ್ಟೆವು ಎಂದು ಲೆಕ್ಕ ಕೊಡುತ್ತಾರೆ. ನೂರಾರು ಬಾವಲಿಗಳಿಗೆ ನೆರಳು ಕೊಡುವಷ್ಟು ಆ ಸಸಿ ಬೆಳೆಯಲು ದಶಕಗಳು ಬೇಕು. ಬಿಸಿಗಾಳಿ ಬರುವುದು ಮುಂದಿನ ಏಪ್ರಿಲ್‌ನಲ್ಲಿ.

ನಿಮ್ಮೂರಲ್ಲಿ ಬಾವಲಿಗಳ ಮರ ಇದ್ದರೆ ಬೇಸಿಗೆಯ ಮಧ್ಯಾಹ್ನ ಅವನ್ನು ಎಬ್ಬಿಸಬೇಡಿ. ಹಾರಿದ ಒಂದೊಂದು ಸುತ್ತಿಗೂ ಮೈ ಬಿಸಿಯೇರುತ್ತದೆ, ನೀರು ಹೋಗುತ್ತದೆ. ತಮಿಳುನಾಡಿನ ಕೆಲವು ಹಳ್ಳಿಗಳಲ್ಲಿ ಬಾವಲಿಗಳಿಗಾಗಿ ದೀಪಾವಳಿಗೂ ಪಟಾಕಿ ಹೊಡೆಯುವುದಿಲ್ಲ. ಬಿಸಿಲಿಗೆ ಬಿದ್ದ ಬಾವಲಿ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನೂ ನಾಯಿಯನ್ನೂ ದೂರ ಇಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಬಾವಲಿ ಕಚ್ಚಿದ ಹಣ್ಣು ತಿನ್ನಬೇಡಿ. ಮರವನ್ನು ಮಾತ್ರ ಉಳಿಸಿಕೊಳ್ಳಿ.